ಗೇಟಿನ ಬದಿಯ ಸೇವಂತಿಗೆ: ಹೂ ಬಿಡದ ಪಾತಿಯೊಂದರ ಪ್ರಕರಣ ಅಧ್ಯಯನ

ಚಳಿಗಾಲದಲ್ಲಿ ಹೂ ಬಿಡುವ ಬಹುವಾರ್ಷಿಕ ಗಿಡಗಳಲ್ಲಿ ಸೇವಂತಿಗೆಯಷ್ಟು ಸಲೀಸಾಗಿ ಕೈಗೆ ಹತ್ತುವ ಗಿಡ ಇನ್ನೊಂದಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಹೂ ಮುಗಿದ ಮೇಲೆ ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಬೇರಿನಿಂದ ಮರಿಗಳು ಏಳುತ್ತವೆ. ಆ ಮರಿಗಳನ್ನು ಬಿಡಿಸಿ ನೆಟ್ಟರೆ, ಅಥವಾ ಎಳೆಯ ತುದಿ ಕಡ್ಡಿಗಳನ್ನು ಮರಳಿಗೆ ಊರಿ ಬೇರು ಬರಿಸಿಕೊಂಡರೆ, ಮುಂದಿನ ಚಳಿಗೆ ಮತ್ತೆ ಹೂ. ಈ ನಂಬಿಕೆ ಅಲುಗಾಡಿದ್ದು ಅಕ್ಕನ ಮನೆಯ ಒಂದು ಪಾತಿಯಿಂದ. ಎರಡು ಚಳಿಗಾಲ ಯಾವ ತಕರಾರೂ ಇಲ್ಲದೆ ಹೂ ಕೊಟ್ಟ ಆ ಪಾತಿ ಮೂರನೆಯ ವರ್ಷ ಒಂದು ತುದಿಯಲ್ಲಿ ಎಂದಿನಂತೆ ಅರಳಿ, ಇನ್ನೊಂದು ತುದಿಯಲ್ಲಿ ಬರಿಯ ಹಸಿರಾಗಿ ನಿಂತುಬಿಟ್ಟಿತು. ಕಾರಣವನ್ನು ಕಂಡುಕೊಳ್ಳುವುದಕ್ಕೆ ನಾನು ತೆಗೆದುಕೊಂಡ ಸಮಯ, ನಡುವೆ ಮಾಡಿದ ಒಂದು ದೊಡ್ಡ ತಪ್ಪು, ಕೊನೆಗೆ ನಡೆಸಿದ ಸಣ್ಣ ಪರೀಕ್ಷೆ, ಇವಿಷ್ಟೂ ಇಲ್ಲಿ ದಾಖಲಾಗಿವೆ.

ಪಾತಿಯ ಹಿನ್ನೆಲೆ

ಪಾತಿಯ ಉದ್ದ ಸುಮಾರು 9 ಮೀಟರ್. ಕಾಂಪೌಂಡ್ ಗೋಡೆಯ ಒಳಬದಿಗೆ, ಗೇಟಿನಿಂದ ಶುರುವಾಗಿ ಮನೆಯ ಹಿಂಭಾಗದ ಕಡೆಗೆ ಸಾಗುವ ಒಂದೇ ಸಾಲು. ಅದರಲ್ಲಿ 24 ಗಿಡಗಳು. ಗೇಟಿನ ಪಕ್ಕದ್ದನ್ನು 1 ಎಂದೂ ಹಿತ್ತಲ ತುದಿಯದನ್ನು 24 ಎಂದೂ ಈ ಬರಹದಲ್ಲಿ ಗುರುತಿಸಿದ್ದೇನೆ. ಎಲ್ಲವೂ ಒಂದೇ ಹಳದಿ ತಳಿ. ಅಷ್ಟೇ ಅಲ್ಲ, ಎಲ್ಲವೂ ಒಂದೇ ತಾಯಿಗಿಡದ ಕಡ್ಡಿಗಳಿಂದ ಬಂದವು. ಈ ಸಂಗತಿ ಮುಂದೆ ಬಹಳ ಉಪಯೋಗಕ್ಕೆ ಬಂತು. ಬೀಜದಿಂದ ಎದ್ದ ಗಿಡಗಳಾಗಿದ್ದರೆ, ಅಥವಾ ನಾಲ್ಕಾರು ತಳಿಗಳನ್ನು ಬೆರೆಸಿ ನೆಟ್ಟಿದ್ದರೆ, ಒಂದು ಹೂ ಬಿಟ್ಟು ಮತ್ತೊಂದು ಬಿಡದಿದ್ದುದಕ್ಕೆ ತಳಿಯ ಗುಣವನ್ನೇ ಹೊಣೆ ಮಾಡಿ ಮಾತು ಮುಗಿಸಬಹುದಿತ್ತು. ಒಂದೇ ತಾಯಿಯ ಕಡ್ಡಿಗಳ ನಡುವೆ ಅಂಥ ವ್ಯತ್ಯಾಸ ಹುಟ್ಟಿನಿಂದ ಬರುವುದಿಲ್ಲ. ನಿಂತ ಜಾಗದಿಂದ ಬರಬೇಕು.

ಬಿಸಿಲಿಗೆ ಕೊರತೆ ಇರಲಿಲ್ಲ, ಇಡೀ ಸಾಲಿಗೆ ದಿನಕ್ಕೆ ಆರು ಗಂಟೆಗೂ ಹೆಚ್ಚು ನೇರ ಬಿಸಿಲು. ಮಣ್ಣು ನೀರು ಬಸಿಯುವಂಥದ್ದು. ಫೆಬ್ರವರಿಯಲ್ಲಿ ಹಳೆಯ ಕಾಂಡಗಳನ್ನು ಕತ್ತರಿಸಿ, ಮೇ ತಿಂಗಳ ಕೊನೆಗೆ ಮರಿಗಳನ್ನು ಬಿಡಿಸಿ ಮತ್ತೆ ನೆಟ್ಟು, ಜೂನ್, ಜುಲೈ ಮತ್ತು ಆಗಸ್ಟ್ ಮೊದಲ ವಾರ ಹೀಗೆ ಮೂರು ಸಲ ಕುಡಿ ಚಿವುಟಿದ್ದರು. ಸೇವಂತಿಗೆಯ ಮಟ್ಟಿಗೆ ಕುಡಿ ಚಿವುಟುವುದು ಬರಿಯ ಅಂದದ ಕೆಲಸವಲ್ಲ. ತುದಿಯನ್ನು ತೆಗೆದಾಗ ಕೆಳಗಿನ ಎಲೆಕಂಕುಳಲ್ಲಿ ಸುಮ್ಮನಿದ್ದ ಮೊಗ್ಗೆಗಳು ಕೊಂಬೆಗಳಾಗಿ ಏಳುತ್ತವೆ, ಒಂದು ತುದಿ ನಾಲ್ಕಾಗುತ್ತದೆ, ಹೂವಿನ ಎಣಿಕೆಯೂ ಅದೇ ಲೆಕ್ಕದಲ್ಲಿ ಏರುತ್ತದೆ. ಆದರೆ ಚಿವುಟುವುದನ್ನು ತಡವಾಗಿ ಮಾಡಿದರೆ ಮೊಗ್ಗು ಕಟ್ಟಬೇಕಾದ ತುದಿಗಳೇ ಕೈಯಲ್ಲಿ ಹೋಗುತ್ತವೆ. ಅಕ್ಕ ಈ ವಿಷಯದಲ್ಲಿ ದಿನ ತಪ್ಪಿಸಿರಲಿಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಅಕ್ಟೋಬರ್ ನಡುವಿನ ಹೊತ್ತಿಗೆ ಮೊಗ್ಗು ಕಂಡು, ನವೆಂಬರ್ ಕೊನೆಯಿಂದ ಜನವರಿಯವರೆಗೆ ಹೂ ಇದ್ದವು.

ಮೊದಲ ತೀರ್ಮಾನ, ಅದೂ ತಪ್ಪು

ಅಕ್ಟೋಬರ್ 28ರಂದು ನಾನು ಮೊದಲ ಸಲ ಪಾತಿಯನ್ನು ನೋಡಿದೆ. ಗೇಟಿನ ಬದಿಯ ಗಿಡಗಳು ಮೊಣಕಾಲು ದಾಟಿ ಬೆಳೆದಿದ್ದವು, ಎಲೆ ಕಡು ಹಸಿರು, ಕಾಂಡ ಮೆತ್ತಗೆ ಮತ್ತು ದಪ್ಪ. ಮೊಗ್ಗಿನ ಸುಳಿವಿಲ್ಲ. “ಗೊಬ್ಬರ ಹೆಚ್ಚಾಗಿರಬೇಕು ಕಣೋ, ಸೆಪ್ಟೆಂಬರ್‌ನಲ್ಲಿ ಒಂದು ಹಿಡಿ ಯೂರಿಯಾ ಕೊಟ್ಟಿದ್ದೆ” ಎಂದು ಅಕ್ಕನೇ ಹೇಳಿದಾಗ ನನಗೆ ಬೇರೆ ಕಾರಣ ಹುಡುಕುವ ಅಗತ್ಯವೇ ಕಾಣಲಿಲ್ಲ. ಸಾರಜನಕ ಹೆಚ್ಚಾದ ಗಿಡ ಎಲೆಗೆ ಬೀಳುತ್ತದೆ, ಹೂವಿಗೆ ಹಿಂಜರಿಯುತ್ತದೆ ಎಂಬುದು ತೋಟ ಮಾಡುವವರೆಲ್ಲರ ಬಾಯಲ್ಲಿರುವ ಮಾತು, ಅದರಲ್ಲಿ ಸುಳ್ಳೂ ಇಲ್ಲ. ನೀರನ್ನು ಕಡಿಮೆ ಮಾಡಿಸಿ, ಬುಡಕ್ಕೆ ಕಟ್ಟಿಗೆಯ ಬೂದಿ ಹಾಕಿಸಿ, ಇನ್ನು ಹದಿನೈದು ದಿನದಲ್ಲಿ ಮೊಗ್ಗು ಬರುತ್ತದೆಂದು ಧೈರ್ಯವಾಗಿ ಹೇಳಿ ಬಂದೆ.

ಬರಲಿಲ್ಲ. ಆ ದಿನ ನಾನು ಪಾತಿಯ ಮೊದಲ ಏಳೆಂಟು ಗಿಡಗಳನ್ನಷ್ಟೇ ನೋಡಿ, ಮಿಕ್ಕವನ್ನು ದೂರದಿಂದ ಕಣ್ಣಾಡಿಸಿ ಹಿಂತಿರುಗಿದ್ದೆ. ಸಾಲಿನ ಉದ್ದಕ್ಕೂ ನಡೆದಿದ್ದರೆ ಗೊಬ್ಬರದ ವಾದ ಅಲ್ಲೇ ಬಿದ್ದುಹೋಗುತ್ತಿತ್ತು. ಯಾಕೆಂದರೆ ಯೂರಿಯಾ ಬಿದ್ದದ್ದು 24 ಗಿಡಗಳಿಗೂ, ಹೂ ಬಿಡದಿದ್ದುದು ಒಂದೇ ತುದಿಯವು.

ನವೆಂಬರ್ 20ರಂದು ಎರಡನೆಯ ಸಲ ಹೋದಾಗ ಒಂದೊಂದೇ ಗಿಡವನ್ನು ನೋಡಿ ಬರೆದುಕೊಂಡೆ. 17ರಿಂದ 24ರವರೆಗಿನ ಎಂಟು ಗಿಡಗಳಲ್ಲಿ ಮೊಗ್ಗುಗಳು ಬಿರಿಯುವ ಹಂತದಲ್ಲಿದ್ದು, ಹಳದಿ ಇಣುಕುತ್ತಿತ್ತು. 1ರಿಂದ 9ರವರೆಗಿನವು, ಒಂದನ್ನು ಬಿಟ್ಟು, ಪೂರ್ತಿ ಹಸಿರು. ನಡುವಿನ ಏಳು ಗಿಡಗಳು, ಅಂದರೆ 10ರಿಂದ 16, ಎಲ್ಲಕ್ಕಿಂತ ವಿಚಿತ್ರವಾಗಿದ್ದವು: ಕೊಂಬೆಯ ತುದಿಯಲ್ಲಿ ಮೆಣಸಿನ ಕಾಳಿನಷ್ಟು ಗಟ್ಟಿಯಾದ ಒಂದು ಗುಂಡು ಮೊಗ್ಗು, ಅದರ ಕೆಳಗೆ ಎಂದಿನ ಸೀಳೆಲೆಗಳ ಬದಲು ಅಂಚು ಸೀಳದ ಪಟ್ಟಿಯಂಥ ಕಿರಿದಾದ ಎಲೆಗಳು, ಆ ಎಲೆಗಳ ಕಂಕುಳಿಂದ ಮೊಗ್ಗನ್ನು ದಾಟಿ ಮೇಲೇರುತ್ತಿದ್ದ ಹೊಸ ಹಸಿರು ಕೊಂಬೆಗಳು. ಮೊಗ್ಗನ್ನು ಉಗುರಿನಿಂದ ಬಿಡಿಸಿ ನೋಡಿದರೆ ಒಳಗೆ ಹೂವಿನ ಎಸಳಿನ ಬೆಳವಣಿಗೆ ಅರ್ಧಕ್ಕೆ ನಿಂತಿತ್ತು. ಗಿಡ ಹೂ ಬಿಡಲು ಮನಸ್ಸು ಮಾಡಿ, ಅಷ್ಟರಲ್ಲಿ ಮನಸ್ಸು ಬದಲಿಸಿದಂತೆ.

ಇತರ ಅನುಮಾನಗಳನ್ನು ಬೇಗ ತಳ್ಳಿಹಾಕಬಹುದಾಗಿತ್ತು. ಎಲೆಯ ಅಡಿಯಲ್ಲಿ ತುಕ್ಕುರೋಗದ ಗಂಟುಗಳಿರಲಿಲ್ಲ, ಕುಡಿಗಳಲ್ಲಿ ಹೇನು ಅಲ್ಲೊಂದು ಇಲ್ಲೊಂದು ಮಾತ್ರ. ಒಂದು ಗಿಡವನ್ನು ಮಣ್ಣಿನ ಹೆಂಟೆಯೊಡನೆ ಎತ್ತಿ ನೋಡಿದೆ, ಬೇರು ಬಿಳಿಯಾಗಿಯೇ ಇತ್ತು. ಬುಡ ಹಳೆಯದಾಗಿ ಶಕ್ತಿ ಕುಂದಿತೇ ಎಂಬ ಪ್ರಶ್ನೆಗೂ ಎಡೆಯಿರಲಿಲ್ಲ. ಸೇವಂತಿಗೆಯ ಬುಡವನ್ನು ಎರಡು ಮೂರು ವರ್ಷ ಕದಲಿಸದೆ ಬಿಟ್ಟರೆ ನಡುಭಾಗ ಸತ್ತು, ಅಂಚಿನ ಮರಿಗಳು ಮಾತ್ರ ಉಳಿಯುತ್ತವೆ, ಹೂ ಸಣ್ಣದಾಗುತ್ತದೆ. ಆದರೆ ಇಲ್ಲಿ ಪ್ರತಿ ವರ್ಷ ಮರಿಗಳನ್ನು ಬಿಡಿಸಿ ಹೊಸದಾಗಿ ನೆಟ್ಟಿದ್ದರು.

ಡ್ರಮ್ಮಿನ ಹಿಂದಿನ ಗಿಡ

ನಾನು ‘ಒಂದನ್ನು ಬಿಟ್ಟು’ ಎಂದೆನಷ್ಟೆ. ಅದು 4ನೆಯ ಗಿಡ. ಅದರ ಮುಂದೆ, ಗೇಟಿನ ಕಡೆಗೆ, ನೀರು ತುಂಬಿಡುವ ಒಂದು ಪ್ಲಾಸ್ಟಿಕ್ ಡ್ರಮ್ಮು ಇತ್ತು. ಗಿಡದ ಎಡ ಅರ್ಧ ಡ್ರಮ್ಮಿನ ಮರೆಯಲ್ಲಿ, ಬಲ ಅರ್ಧ ಅದರ ಅಂಚಿನಿಂದ ಹೊರಗೆ. ಎಡಗಡೆಯ ಕೊಂಬೆಗಳ ತುದಿಯಲ್ಲಿ ಎಂಟು ಹತ್ತು ಸರಿಯಾದ ಮೊಗ್ಗುಗಳಿದ್ದವು. ಬಲಗಡೆಯ ಕೊಂಬೆಗಳಲ್ಲಿ ಒಂದೂ ಇಲ್ಲ. ಒಂದೇ ಬುಡ, ಒಂದೇ ಬೇರು, ಅದೇ ಗೊಬ್ಬರ, ಅದೇ ನೀರು. ಗಿಡವನ್ನು ಎರಡು ಹೋಳು ಮಾಡಿದ್ದ ಸಂಗತಿ ಮಣ್ಣಿನಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಹಗಲಿನಲ್ಲಿ ಡ್ರಮ್ಮಿನ ನೆರಳು ಬೆಳಗಿನ ಸ್ವಲ್ಪ ಹೊತ್ತು ಮಾತ್ರ ಆ ಕಡೆ ಬೀಳುತ್ತಿತ್ತು. ಸಂಜೆಯವರೆಗೂ ನಾನು ಅಲ್ಲೇ ಉಳಿದಿದ್ದರಿಂದ ಉತ್ತರ ತಾನಾಗಿ ಬಂತು: ಕತ್ತಲಾಗುತ್ತಿದ್ದಂತೆ ಗೇಟಿನ ಮೇಲಿನ ದೀಪ ಹೊತ್ತಿಕೊಂಡು, ಡ್ರಮ್ಮಿನ ನೆರಳು 4ನೆಯ ಗಿಡವನ್ನು ಸರಿಯಾಗಿ ನಡುವೆ ಸೀಳಿ ಬಿತ್ತು.

ಹಿಂದೆ ಅಲ್ಲಿ ಇದ್ದುದು ಒಂದು ಸಣ್ಣ ಬಲ್ಬು, ಅದನ್ನು ಮಲಗುವ ಮುಂಚೆ ಆರಿಸುತ್ತಿದ್ದರು. ಆಗಸ್ಟ್‌ನಲ್ಲಿ ಅದನ್ನು ತೆಗೆಸಿ, ಸುಮಾರು 3 ಮೀಟರ್ ಎತ್ತರದಲ್ಲಿ 20 ವ್ಯಾಟ್‌ನ ಎಲ್‌ಇಡಿ ದೀಪ ಹಾಕಿಸಿದ್ದರು. ಕತ್ತಲಾದರೆ ತಾನೇ ಹೊತ್ತಿ, ಬೆಳಗಾದರೆ ತಾನೇ ಆರುವ ಬಗೆಯದು. ಅಂದರೆ ಗೇಟಿನ ಬದಿಯ ಗಿಡಗಳು ಆಗಸ್ಟ್‌ನಿಂದ ಒಂದೇ ಒಂದು ಪೂರ್ತಿ ರಾತ್ರಿಯನ್ನು ಕಂಡಿರಲಿಲ್ಲ.

ಸೇವಂತಿಗೆ ಅಲ್ಪಹಗಲಿನ ಗಿಡ, ಅಂದರೆ ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಹೂ ಬಿಡುವಂಥದ್ದು. ಚಳಿಗೆ ಹೂ ಬಿಡುತ್ತದೆಂದು ನಾವು ಹೇಳುವುದು ರೂಢಿ, ಆದರೆ ಮೊಗ್ಗು ಕಟ್ಟುವ ಕಾಲವನ್ನು ಅದು ಮುಖ್ಯವಾಗಿ ಗೊತ್ತುಮಾಡಿಕೊಳ್ಳುವುದು ರಾತ್ರಿಯ ಉದ್ದದಿಂದ. ಗಿಡಗಳು ಹಗಲಿನ ಉದ್ದವನ್ನು ಅಳೆಯುತ್ತವೆಂಬುದನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಹೊಗೆಸೊಪ್ಪು ಮತ್ತು ಸೋಯಾ ಗಿಡಗಳ ಪ್ರಯೋಗಗಳಿಂದ ಪ್ರಕಟಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಂಥ ಗಿಡಗಳಿಗೆ ನಿರ್ಣಾಯಕವಾದುದು ಚಿಕ್ಕ ಹಗಲಿಗಿಂತ ಮುರಿಯದ ಕತ್ತಲೆ ಎಂದು ತೋರಿಸಿದರು. ಉದ್ದನೆಯ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಕೊಟ್ಟರೆ ಸಾಕು, ಗಿಡ ಅದನ್ನು ಎರಡು ಚಿಕ್ಕ ರಾತ್ರಿಗಳೆಂದು ಎಣಿಸುತ್ತದೆ. ಈ ಅಳತೆಯನ್ನು ಮಾಡುವುದು ಎಲೆ, ತುದಿಯಲ್ಲ. ಸೋವಿಯತ್ ಸಸ್ಯವಿಜ್ಞಾನಿ ಚೈಲಖ್ಯಾನ್ 1930ರ ದಶಕದಲ್ಲಿ ಇದನ್ನು ತೋರಿಸಿದ್ದು ಸೇವಂತಿಗೆಯ ಮೇಲೆಯೇ: ಮೇಲಿನ ಭಾಗದ ಎಲೆ ಕಿತ್ತು ಆ ಭಾಗವನ್ನು ಉದ್ದ ಹಗಲಿನಲ್ಲಿಟ್ಟು, ಕೆಳಗಿನ ಎಲೆಗಳಿಗೆ ಮಾತ್ರ ಚಿಕ್ಕ ಹಗಲು ಕೊಟ್ಟಾಗ ಮೇಲಿನ ತುದಿ ಹೂ ಬಿಟ್ಟಿತು. ಎಲೆಯಲ್ಲಿ ಹುಟ್ಟಿ ತುದಿಗೆ ಹರಿಯುವ ಯಾವುದೋ ವಸ್ತು ಇರಬೇಕೆಂದು ಊಹಿಸಿ ಅದಕ್ಕೆ ಫ್ಲೋರಿಜೆನ್ ಎಂದು ಹೆಸರಿಟ್ಟವರೂ ಅವರೇ. 4ನೆಯ ಗಿಡದ ಎಡ ಬಲಗಳು ಬೇರೆ ಬೇರೆಯಾಗಿ ನಡೆದುಕೊಂಡದ್ದು ಇದಕ್ಕೆ ಹೊಂದುತ್ತಿತ್ತು. ಪ್ರತಿ ಕೊಂಬೆಯೂ ಹೆಚ್ಚಾಗಿ ತನ್ನ ಎಲೆಗಳ ಲೆಕ್ಕವನ್ನೇ ಪಾಲಿಸಿತ್ತು.

ನಡುವಿನ ಏಳು ಗಿಡಗಳ ಅರೆಮೊಗ್ಗಿಗೂ ಇಲ್ಲಿಯೇ ವಿವರಣೆ ಇದೆ. ಮೊಗ್ಗು ಮೂಡುವುದಕ್ಕೆ ಬೇಕಾದ ರಾತ್ರಿಗಿಂತ ಮೊಗ್ಗು ಬೆಳೆದು ಅರಳುವುದಕ್ಕೆ ಬೇಕಾದ ರಾತ್ರಿ ಉದ್ದ. ಹೂಬೆಳೆಗಾರರು ಸಾಮಾನ್ಯವಾಗಿ ಹಿಡಿಯುವ ಲೆಕ್ಕದಲ್ಲಿ ಹಗಲು 14.5 ಗಂಟೆಗಿಂತ ಕಡಿಮೆಯಾದರೆ ಮೊಗ್ಗು ಮೂಡಬಹುದು, ಅದು ಮುಂದುವರಿಯಲು 13.5 ಗಂಟೆಗಿಂತ ಕಡಿಮೆಯಾಗಬೇಕು. ತಳಿಯಿಂದ ತಳಿಗೆ ಈ ಅಂಕಿ ಹಿಂದೆ ಮುಂದೆ ಸರಿಯುತ್ತದೆ. ಮಬ್ಬು ಬೆಳಕು ಬೀಳುತ್ತಿದ್ದ ನಡುವಿನ ಗಿಡಗಳು ಮೊದಲ ಬಾಗಿಲನ್ನು ದಾಟಿ ಎರಡನೆಯದರಲ್ಲಿ ಸಿಕ್ಕಿಕೊಂಡಿದ್ದವು. ಪಟ್ಟಿಯಂಥ ಎಲೆಗಳು ಆ ಅರೆಮನಸ್ಸಿನ ಗುರುತು. ನನ್ನ ಅಭಿಪ್ರಾಯದಲ್ಲಿ ಸೇವಂತಿಗೆ ಬೆಳೆಯುವವರು ಕಲಿತಿಟ್ಟುಕೊಳ್ಳಬೇಕಾದ ಚಿಹ್ನೆಗಳಲ್ಲಿ ಇದೇ ಮೊದಲನೆಯದು, ಏಕೆಂದರೆ ಗೊಬ್ಬರದ ದೋಷ ಈ ರೂಪ ತಾಳುವುದನ್ನು ನಾನು ಕಂಡಿಲ್ಲ.

ರಾತ್ರಿ ಒಂಬತ್ತಕ್ಕೆ ಮೊಬೈಲಿನ ಬೆಳಕು ಅಳೆಯುವ ಆ್ಯಪನ್ನು ಎಲೆಯ ಮಟ್ಟದಲ್ಲಿ ಹಿಡಿದು ನೋಡಿದೆ. 1ನೆಯ ಗಿಡದ ಬಳಿ ಸುಮಾರು 60 ಲಕ್ಸ್ (ಬೀಳುವ ಬೆಳಕನ್ನು ಅಳೆಯುವ ಮಾನ), 9ನೆಯದರ ಬಳಿ 15, 16ನೆಯದರ ಬಳಿ 4, ಕೊನೆಯ ಗಿಡದ ಬಳಿ 1ರ ಆಸುಪಾಸು. ಮೊಬೈಲು ನಂಬಿಕಸ್ತ ಅಳತೆಗೋಲಲ್ಲ, ಆದ್ದರಿಂದ ಈ ಅಂಕಿಗಳನ್ನು ಬೇರೆ ತೋಟಕ್ಕೆ ಹೊತ್ತೊಯ್ಯುವುದು ಬೇಡ. ಆದರೆ ಬೆಳಕು ಇಳಿದ ಕ್ರಮ ಮತ್ತು ಮೊಗ್ಗು ಏರಿದ ಕ್ರಮ ಒಂದಕ್ಕೊಂದು ಕನ್ನಡಿ ಹಿಡಿದಂತಿದ್ದವು. ಹೂವನ್ನು ಬೇಕೆಂದೇ ತಡೆಹಿಡಿಯುವ ವಾಣಿಜ್ಯ ಬೆಳೆಗಾರರು ನಡುರಾತ್ರಿಯಲ್ಲಿ ಎರಡರಿಂದ ನಾಲ್ಕು ಗಂಟೆ 100 ಲಕ್ಸ್‌ನಷ್ಟು ಬೆಳಕು ಕೊಡುತ್ತಾರೆ. ಮಧ್ಯಾಹ್ನದ ಬಿಸಿಲು 1,00,000 ಲಕ್ಸ್ ಇರುವಾಗ ಇದು ಎಷ್ಟರದು ಎನ್ನಿಸಬಹುದು. ಆದರೆ ಗಿಡ ಈ ಬೆಳಕಿನಿಂದ ಆಹಾರ ಮಾಡಿಕೊಳ್ಳುವುದಿಲ್ಲ, ಸುದ್ದಿ ಮಾತ್ರ ತಿಳಿಯುತ್ತದೆ.

ಪರೀಕ್ಷೆ

ದೀಪವನ್ನು ಆರಿಸಿಬಿಟ್ಟರೆ ಎಲ್ಲ ಗಿಡಗಳೂ ಹೂ ಬಿಡಬಹುದು, ಆದರೆ ಆಗ ಬೂದಿಯಿಂದ ಬಂತೋ ಕತ್ತಲೆಯಿಂದ ಬಂತೋ ಎಂಬುದು ತೀರ್ಮಾನವಾಗುವುದಿಲ್ಲ. ಮನೆಯವರಿಗೂ ಗೇಟಿನ ಬಳಿ ಬೆಳಕು ಬೇಕಿತ್ತು. ಹೀಗಾಗಿ ದೀಪವನ್ನು ಹಾಗೆಯೇ ಉರಿಯಲು ಬಿಟ್ಟು, ಡಿಸೆಂಬರ್ 1ರಿಂದ 5, 6 ಮತ್ತು 7ನೆಯ ಗಿಡಗಳಿಗೆ ಮಾತ್ರ ಸಂಜೆ ಆರರಿಂದ ಬೆಳಿಗ್ಗೆ ಏಳರವರೆಗೆ ಮುಸುಕು ಹಾಕಲು ಶುರುಮಾಡಿದೆವು. ಬಿದಿರಿನ ನಾಲ್ಕು ಕೋಲು ನೆಟ್ಟು, ಎರಡು ಮಡಿಕೆಯ ದಪ್ಪ ಕಪ್ಪು ಬಟ್ಟೆಯನ್ನು ನೆಲದವರೆಗೆ ಇಳಿಬಿಟ್ಟದ್ದಷ್ಟೆ. ಮೊದಲ ದಿನ ನಾನು ಕಪ್ಪು ಪ್ಲಾಸ್ಟಿಕ್ ಹಾಳೆ ತಂದಿದ್ದೆ. ಸಂಜೆಯ ಶಾಖ ಅದರೊಳಗೆ ಹಬೆಯಂತೆ ಕೂತದ್ದು ಕೈ ಹಾಕಿದಾಗಲೇ ತಿಳಿಯಿತು. ಕತ್ತಲೆ ಸರಿಯಾಗಿದ್ದರೂ ಬಿಸಿ ಹೆಚ್ಚಾದರೆ ಸೇವಂತಿಗೆಯ ಮೊಗ್ಗು ತಡವಾಗುತ್ತದೆ, ಆದ್ದರಿಂದ ಮರುದಿನವೇ ಬಟ್ಟೆಗೆ ಬದಲಿಸಿದೆವು. 2, 3, 8 ಮತ್ತು 9ನೆಯವನ್ನು ಹೋಲಿಕೆಗೆಂದು ಬಯಲಿಗೆ ಬಿಟ್ಟೆವು.

ಮುಸುಕು ಹಾಕಿ ತೆಗೆಯುವ ಕೆಲಸ ಅಕ್ಕನದು. ಒಂದೇ ಒಂದು ರಾತ್ರಿ ಅದು ತಪ್ಪಿಹೋಯಿತೆಂದು ಅವಳು ಬಹಳ ನೊಂದುಕೊಂಡಳು, ಆದರೆ ಒಂದು ರಾತ್ರಿಯಿಂದ ಫಲಿತಾಂಶ ಕೆಡುವಂತೆ ಕಾಣಲಿಲ್ಲ. ಡಿಸೆಂಬರ್ 23ರಂದು 6ನೆಯ ಗಿಡದ ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಮೊಗ್ಗುಗಳು ಕಂಡವು. ಎರಡು ದಿನದಲ್ಲಿ 5 ಮತ್ತು 7ರಲ್ಲಿಯೂ. ಕೆಳಗಿನ ಎಲೆಗಳು ಈ ಸಲ ಸಹಜವಾಗಿಯೇ ಇದ್ದವು. ಬಯಲಿಗೆ ಬಿಟ್ಟ ನಾಲ್ಕರಲ್ಲಿ ಆ ಹೊತ್ತಿಗೂ ಏನೂ ಇರಲಿಲ್ಲ. ಮೊಗ್ಗು ಕಂಡಿತೆಂದು ಮುಸುಕನ್ನು ನಿಲ್ಲಿಸಲಿಲ್ಲ. ಬಣ್ಣ ಕಾಣುವ ತನಕ ಕತ್ತಲೆ ಬೇಕೆಂಬುದಕ್ಕೆ ನಡುವಿನ ಏಳು ಗಿಡಗಳೇ ಸಾಕ್ಷಿಯಾಗಿದ್ದವು. ಫೆಬ್ರವರಿ ಮೊದಲ ವಾರದಲ್ಲಿ ಮೂರೂ ಗಿಡಗಳು ಅರಳಿದವು, ಅಂದರೆ ಮುಸುಕು ಹಾಕಿದ ಒಂಬತ್ತು ವಾರಕ್ಕೆ. ಬೇಗ ಅರಳುವ ತಳಿಗಳಿಗೆ ಏಳೆಂಟು ವಾರ ಸಾಕು, ತಡವಾದವಕ್ಕೆ ಹನ್ನೆರಡು ವಾರ ಮೀರಬಹುದು. ಈ ತಳಿ ನಡುವಿನದೆಂದು ಆಗ ಗೊತ್ತಾಯಿತು.

ದೀಪಕ್ಕೆ ಮರೆ

ಕಾರಣ ಖಚಿತವಾದ ಮೇಲೆ ಉಳಿದ ಪ್ರಶ್ನೆ ದೀಪವನ್ನು ಏನು ಮಾಡಬೇಕೆಂಬುದು. ಬಿಳಿಯದರ ಬದಲು ಹಳದಿ ಬೆಳಕಿನ ಬಲ್ಬು ಹಾಕಿದರೆ ಸಾಲದೇ ಎಂದು ಅಕ್ಕ ಕೇಳಿದಳು. ಹಳದಿಯ ಕಡೆಗಿರುವ ಬೆಳಕು ಮೃದುವಾದುದೆಂಬುದು ನಮ್ಮ ಕಣ್ಣಿನ ಲೆಕ್ಕ, ಗಿಡದ್ದಲ್ಲ. ರಾತ್ರಿಯನ್ನು ಅಳೆಯುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ, 1959ರಲ್ಲಿ ಪ್ರಯೋಗಾಲಯದಲ್ಲಿ ಪತ್ತೆಯಾದದ್ದು, 660 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ ಕೆಂಪು ಬೆಳಕನ್ನು ಎಲ್ಲಕ್ಕಿಂತ ಚೆನ್ನಾಗಿ ಹೀರುತ್ತದೆ. ಬೆಚ್ಚನೆಯ ಬಣ್ಣದ ಬಲ್ಬಿನಲ್ಲಿ ಕೆಂಪಿನ ಪಾಲು ಹೆಚ್ಚು, ಆದ್ದರಿಂದ ಆ ಬದಲಾವಣೆ ಇದ್ದ ತೊಂದರೆಯನ್ನು ಹೆಚ್ಚಿಸುವ ಸಂಭವವೇ ಜಾಸ್ತಿ. ಯಾರಾದರೂ ಬಂದಾಗ ಮಾತ್ರ ಹೊತ್ತುವ ಸೆನ್ಸರ್ ದೀಪದ ಬಗ್ಗೆಯೂ ಯೋಚಿಸಿದೆವು. ಜನ ಅಪರೂಪಕ್ಕೆ ಓಡಾಡುವ ಜಾಗಕ್ಕೆ ಅದು ಒಳ್ಳೆಯದೇ. ಆದರೆ ಗೇಟಿನ ಮುಂದೆ ರಾತ್ರಿಯೆಲ್ಲ ವಾಹನ ಓಡಾಡಿದರೆ ದೀಪ ಹತ್ತಿ ಆರುತ್ತಲೇ ಇರುತ್ತದೆ. ಬೆಳೆಗಾರರು ಅರ್ಧ ಗಂಟೆಗೊಮ್ಮೆ ಐದಾರು ನಿಮಿಷ ಮಾತ್ರ ದೀಪ ಹೊತ್ತಿಸಿಯೂ ಹೂವನ್ನು ತಡೆಯಬಲ್ಲರು ಎಂಬುದನ್ನು ನೆನೆದರೆ ಅಂಥ ಮಿನುಗನ್ನು ಹಗುರಾಗಿ ಕಾಣುವಂತಿಲ್ಲ.

ಕೊನೆಗೆ ಮಾಡಿದ್ದು ಸರಳ ಕೆಲಸ: ದೀಪದ ಒಳಬದಿಗೆ ಮೂರು ಮಗ್ಗುಲ ತಗಡಿನ ಮರೆ ಕಟ್ಟಿಸಿ, ಬೆಳಕು ಗೇಟಿನ ಹೊರಗೆ ಮತ್ತು ಕಾಲುದಾರಿಗೆ ಮಾತ್ರ ಬೀಳುವಂತೆ ತಿರುಗಿಸಿದೆವು. ಜನವರಿಯ ಮೊದಲಿನಲ್ಲಿ ಇದು ಮುಗಿಯಿತು. ಎಲೆಯ ಮಟ್ಟದಲ್ಲಿ ಮತ್ತೆ ಅಳೆದಾಗ 1ನೆಯ ಗಿಡದ ಬಳಿ 5 ಲಕ್ಸ್, 3ನೆಯದರ ಬಳಿ 2, ಅಲ್ಲಿಂದಾಚೆ ಮೊಬೈಲಿಗೆ ಅಳೆಯಲಾಗದಷ್ಟು ಕಡಿಮೆ. ಹೋಲಿಕೆಗೆಂದು ಬಿಟ್ಟ ನಾಲ್ಕು ಗಿಡಗಳೂ ಮಾರ್ಚ್‌ನಲ್ಲಿ ಹೂ ಬಿಟ್ಟವು. ಆದರೆ ಬಿಸಿಲು ಏರಿದ್ದ ಕಾರಣ ಹೂ ಸಣ್ಣದಾಗಿ, ನಾಲ್ಕೈದು ದಿನದಲ್ಲೇ ಬಾಡಿದವು. ನಡುವಿನ ಏಳರಲ್ಲಿ ಹಳೆಯ ಗುಂಡು ಮೊಗ್ಗುಗಳು ಅರಳಲೇ ಇಲ್ಲ, ಅವನ್ನು ದಾಟಿ ಬೆಳೆದಿದ್ದ ಕೊಂಬೆಗಳ ತುದಿಯಲ್ಲಿ ಹೊಸ ಮೊಗ್ಗು ಬಂದವು.

ಮಾರ್ಚ್ ಕೊನೆಗೆ ಎಲ್ಲವನ್ನೂ ಬುಡಕ್ಕೆ ಕತ್ತರಿಸಿ, ಬೇಸಿಗೆಯಲ್ಲಿ ಮರಿಗಳನ್ನು ಬಿಡಿಸಿ, ಹಳೆಯ ಕ್ರಮದಲ್ಲೇ ಮತ್ತೆ ನೆಟ್ಟೆವು. ಗೊಬ್ಬರವನ್ನು ಬೇಕೆಂದೇ ಬದಲಿಸಲಿಲ್ಲ. ಸೆಪ್ಟೆಂಬರ್‌ನ ಒಂದು ಹಿಡಿ ಯೂರಿಯಾ ಕೂಡ ಹಿಂದಿನಂತೆಯೇ ಬಿತ್ತು. ಆ ವರ್ಷ ಅಕ್ಟೋಬರ್ 20ರ ಹೊತ್ತಿಗೆ 2ರಿಂದ 24ರವರೆಗೆ ಎಲ್ಲ ಗಿಡಗಳಲ್ಲೂ ಮೊಗ್ಗು ಇತ್ತು, ಪಟ್ಟಿಯೆಲೆ ಎಲ್ಲಿಯೂ ಇರಲಿಲ್ಲ. ದೀಪದ ನೇರ ಕೆಳಗಿನ 1ನೆಯದು ಮಾತ್ರ ಹನ್ನೊಂದು ದಿನ ತಡವಾಗಿ ಮೊಗ್ಗು ತೋರಿಸಿತು. ಅದನ್ನು ಕಿತ್ತು ಹಿತ್ತಲ ತುದಿಗೆ ಸಾಗಿಸೋಣವೆಂದೆ. ಉಳಿದವು ಮುಗಿಯುವ ಹೊತ್ತಿಗೆ ಅದೊಂದು ಇನ್ನೂ ಅರಳಿರುತ್ತದೆ, ಅಲ್ಲೇ ಇರಲಿ ಬಿಡು ಎಂದಳು ಅಕ್ಕ.